ಆಟವೂ ಕೂಟವೂ

ನಮ್ಮ ಕರಾವಳಿಯಲ್ಲಿ ಒಬ್ಬರು 'ನಿನ್ನೆ ರಾತ್ರಿ ಆಟಕ್ಕೆ ಹೋಗಿದ್ದೆ' ಎಂದರೆ ಅವರು ಇಸ್ಪೀಟಿಗೋ ಚೆಂಡಾಟಕ್ಕೋ ಹೋಗಿದ್ದರೆಂದು ಯಾರೂ ತಿಳಿಯುವುದಿಲ್ಲ. ಆಟವೆಂದರೆ ಯಕ್ಷಗಾನದ ಬಯಲಾಟ. ಬಣ್ಣ ಬರೆದು, ಕಿರೀಟ ಕಟ್ಟಿ, ರಂಗಸ್ಥಳದಲ್ಲಿ ಕುಣಿದರೆ ಅದು ಆಟ. ಆ ಬಣ್ಣ, ಆ ಕುಣಿತ, ಆ ರಂಗಸ್ಥಳ ಯಾವುದೂ ಇಲ್ಲದೆ, ಭಾಗವತರು ಅದೇ ಪ್ರಸಂಗದ ಪದ್ಯಗಳನ್ನು ಹಾಡುತ್ತಿರಲು, ನಾಲ್ಕಾರು ಮಂದಿ ಮನೆಯ ಉಡುಪಿನಲ್ಲೇ ಎದುರುಬದುರಾಗಿ ಕುಳಿತು ಬರಿಯ ಮಾತಿನಿಂದ ರಾಮನೂ ರಾವಣನೂ ಆದರೆ ಅದು ಕೂಟ. ಪುಸ್ತಕದ ಹೆಸರು ತಾಳಮದ್ದಳೆ. ಆಟ ನೋಡಿ ಬಂದವನು ಮರುದಿನ ಯಾರ ಕುಣಿತ ಹೇಗಿತ್ತೆಂದು ಹೇಳುತ್ತಾನೆ. ಕೂಟ ಕೇಳಿ ಬಂದವನು ಯಾರು ಯಾರಿಗೆ ಏನೆಂದರು ಎಂಬುದನ್ನು ವಾರಗಟ್ಟಲೆ ಹೇಳುತ್ತಿರುತ್ತಾನೆ.

ಈ ಕೂಟದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂಬ ಯೋಚನೆ ನನಗೆ ಬಂದದ್ದು ತುಸು ವಿಚಿತ್ರವಾದ ದಾರಿಯಿಂದ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಕಳೆದ ಮಳೆಗಾಲದ ಒಂದು ಶನಿವಾರ ನಾಲ್ವರು ಸಹಪಾಠಿಗಳನ್ನು ಕರೆದುಕೊಂಡು ಕಟಪಾಡಿಯ ನಮ್ಮ ಮನೆಗೆ ಬಂದ. ಅವರಲ್ಲಿ ಇಬ್ಬರು ಹುಡುಗಿಯರು. ಆಷಾಢದ ಮಳೆ; ಸಂಜೆಯೇ ಕರೆಂಟು ಹೋಗಿತ್ತು; ಮಳೆ ತುಸು ತಗ್ಗಿದಾಗಲೆಲ್ಲ ಪಶ್ಚಿಮದಿಂದ ಕಡಲಿನ ಮೊರೆತ ಕೇಳುತ್ತಿತ್ತು. ಊಟವಾದ ಮೇಲೆ ಮಕ್ಕಳು ಚಾವಡಿಯ ಮೇಜಿನ ಸುತ್ತ ಕುಳಿತು, ನಡುವೆ ಮೇಣದಬತ್ತಿ ಹಚ್ಚಿಟ್ಟು ಏನೋ ಆಡತೊಡಗಿದರು. ಮೊಮ್ಮಗನ ಮುಂದೆ ಒಂದು ರಟ್ಟಿನ ತಡಿಕೆ, ಅದರ ಮರೆಯಲ್ಲಿ ಒಂದು ಪುಸ್ತಕ. ಉಳಿದ ನಾಲ್ವರ ಕೈಯಲ್ಲಿ ಒಂದೊಂದು ಹಾಳೆ. ಹಲಗೆಯಿಲ್ಲ, ಕಾಯಿಗಳಿಲ್ಲ. "ನೀವು ಗುಹೆಯ ಬಾಗಿಲಿಗೆ ಬಂದಿದ್ದೀರಿ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?" ಎಂದು ಇವನು ಕೇಳುತ್ತಾನೆ. ಒಬ್ಬ ಕಳ್ಳನಾಗಿ ಉತ್ತರಿಸುತ್ತಾನೆ, ಇನ್ನೊಬ್ಬ ಮಂತ್ರವಾದಿಯಾಗಿ. ದಾವಣಗೆರೆಯ ಹುಡುಗಿಯೊಬ್ಬಳು ರಾಜ್ಯ ಕಳೆದುಕೊಂಡ ದೊರೆಯಾಗಿ ಗಂಭೀರವಾಗಿ ಅಪ್ಪಣೆ ಕೊಡುತ್ತಾಳೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬ ಸಂದೇಹ ಬಂದಾಗ ದಾಳ ಉರುಳಿಸುತ್ತಾರೆ. ಆ ದಾಳಕ್ಕೆ ಇಪ್ಪತ್ತು ಮುಖ! ಶಕುನಿಗೂ ಹೊಳೆಯದ ಯುಕ್ತಿ ಅದು.

ನಾನು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಡುವೆ ಆ ದೊರೆಯ ಹುಡುಗಿ ಕಳ್ಳನಾಗಿದ್ದ ಹುಡುಗನನ್ನು ತಡೆದು, "ಅದು ನಿನಗೆ ಗೊತ್ತು, ನಿನ್ನ ಪಾತ್ರಕ್ಕೆ ಗೊತ್ತಿಲ್ಲ" ಎಂದಳು. ನಾನು ಕಣ್ಣು ತೆರೆದೆ. ಈ ಮಾತನ್ನು ನಾನು ಇದೇ ಚಾವಡಿಯಲ್ಲಿ ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಕೇಳಿದ್ದೆ, ಬೈಗುಳಾಗಿ ಕೇಳಿದ್ದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಮಕ್ಕಳ ಆಟದ ಚರಿತ್ರೆ ಚಿಕ್ಕದು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಹೆಸರಿನಲ್ಲಿ ಅದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನಿಂದ ಹೊರಟಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕ. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ಅದರ ಪೂರ್ವಜರನ್ನು ಹುಡುಕಿದರೆ ಪ್ರಷ್ಯದ ಸೇನೆಗೆ ತಲಪುತ್ತೇವೆ. ಅಧಿಕಾರಿಗಳಿಗೆ ಯುದ್ಧತಂತ್ರವನ್ನು ಕಲಿಸಲು ರೈಸ್‌ವಿಟ್ಸ್ ಎಂಬವನು 1824ರಲ್ಲಿ ಪ್ರಕಟಿಸಿದ ನಕ್ಷೆಯ ಆಟದಲ್ಲಿ ದಾಳವೂ ಇತ್ತು, ತೀರ್ಪು ಹೇಳುವ ಮಧ್ಯಸ್ಥನೂ ಇದ್ದ. 1969ರಲ್ಲಿ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಇಂಥದೊಂದು ಕದನದಾಟವನ್ನು ಏರ್ಪಡಿಸಿ, ಆಟಗಾರರಿಗೆ ಊರಿನ ಬೇರೆ ಬೇರೆ ಜನರ ಪಾತ್ರಗಳನ್ನು ಹಂಚಿದರಂತೆ. ಯುದ್ಧಕ್ಕೆ ಮೊದಲೇ ಅವರೆಲ್ಲ ಪರಸ್ಪರ ಮಾತಿಗೆ, ಒಳಸಂಚಿಗೆ ತೊಡಗಿ ಯುದ್ಧವೇ ನಡೆಯಲಿಲ್ಲ. ವೆಸ್ಲಿಯವರು ಆಟ ಕೆಟ್ಟಿತೆಂದುಕೊಂಡರು. ಆಡಿದವರು ಇನ್ನೊಮ್ಮೆ ಬೇಕೆಂದರು. ಸಿಪಾಯಿಗಳನ್ನು ಸರಿಸುವುದಕ್ಕಿಂತ ಇನ್ನೊಬ್ಬನಾಗಿ ಮಾತಾಡುವುದೇ ಹೆಚ್ಚು ರುಚಿ ಎಂಬುದು ಅವರಿಗೆ ಹಾಗೆ ತಿಳಿಯಿತು.

ನಮ್ಮವರಿಗೆ ಇದು ಎಂದೋ ತಿಳಿದಿತ್ತು ಎಂದು ಹೇಳಲು ನಾಲಗೆ ತುರಿಸುತ್ತದೆ. ಆದರೆ ಹಾಗೆ ಹೇಳಿ ಸುಮ್ಮನಾಗುವುದು ಪುಷ್ಪಕವಿಮಾನವನ್ನು ತೋರಿಸಿ ವಿಮಾನದ ಚರ್ಚೆಯನ್ನು ಮುಗಿಸುವ ಜಾತಿಯ ವಾದ. ಅವರದು ಅವರದು, ನಮ್ಮದು ನಮ್ಮದು; ಒಂದು ಇನ್ನೊಂದಕ್ಕೆ ಏನನ್ನೂ ಕೊಟ್ಟಿಲ್ಲ, ಪಡೆದಿಲ್ಲ. ಅವರ ಆಟ ನನ್ನ ಮಟ್ಟಿಗೆ ಮಾಡಿದ ಉಪಕಾರವೆಂದರೆ, ಕೂಟವನ್ನು ಪುರಾಣಪ್ರವಚನದ ತಮ್ಮನೆಂದೋ ಬಯಲಾಟದ ಬಡ ಸೋದರನೆಂದೋ ನೋಡುತ್ತಿದ್ದ ಅಭ್ಯಾಸವನ್ನು ಬಿಡಿಸಿದ್ದು. ಕೂಟವೂ ಒಂದು ಆಟ, ಅದಕ್ಕೂ ನಿಯಮಗಳಿವೆ, ಆ ನಿಯಮಗಳನ್ನು ಕಾಯುವವನೊಬ್ಬನಿದ್ದ. ಅವನಿಗೆ ಏನಾಯಿತು ಎಂಬುದೇ ನನ್ನ ದೃಷ್ಟಿಯಲ್ಲಿ ಕೂಟದ ಚರಿತ್ರೆಯ ಮುಖ್ಯ ಭಾಗ.

ಮೊದಲು ಕಾಲದ ಮಾತು. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದಲ್ಲಿ 1556ರ ಶಾಸನವೊಂದಿದೆ. ದೇವಾಲಯದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟ ಸಂಗತಿ ಅದರಲ್ಲಿ ಬರುತ್ತದೆ. ಶಾಸನ ಹಾಡನ್ನು ಸೂಚಿಸುತ್ತದೆಯೇ ಹೊರತು ಹಾಡಿನ ನಡುವೆ ಮಾತಿತ್ತೆಂದು ಹೇಳುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಅದನ್ನು ಓದಬೇಕು. ನಮ್ಮ ಬ್ರಹ್ಮಾವರದವನೆಂದು ಹೇಳಲಾಗುವ ಅಜಪುರದ ವಿಷ್ಣುವಿನ 'ವಿರಾಟಪರ್ವ'ದ ಓಲೆಪ್ರತಿ ಶಿವರಾಮ ಕಾರಂತರಿಗೆ ದೊರೆಯಿತು. ಅದರ ಕಾಲ 1564. ಅಲ್ಲಿಂದ ಮುಂದೆ ದೇವಿದಾಸ, ಕುಂಬಳೆಯ ಪಾರ್ತಿಸುಬ್ಬ ಮೊದಲಾದವರ ಪ್ರಸಂಗಗಳ ದೊಡ್ಡ ರಾಶಿಯೇ ಇದೆ. ಪಾರ್ತಿಸುಬ್ಬನ ಕಾಲ ಯಾವುದು, ರಾಮಾಯಣದ ಪ್ರಸಂಗಗಳು ಅವನವೇ ಎಂಬ ವಿಚಾರದಲ್ಲಿ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂಥ ವಿದ್ವಾಂಸರ ನಡುವೆ ನಡೆದ ವಾದ ಯಾವ ಕೂಟಕ್ಕೂ ಕಡಿಮೆಯದಲ್ಲ. ಅದನ್ನು ಇಲ್ಲಿ ಎತ್ತುವುದಿಲ್ಲ.

ಎತ್ತಬೇಕಾದ ಮಾತು ಬೇರೆ ಇದೆ. ಓಲೆಯಲ್ಲಾಗಲಿ, ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದ ಪ್ರಸಂಗದ ಪುಸ್ತಕಗಳಲ್ಲಾಗಲಿ ಇರುವುದು ಪದ್ಯಗಳು ಮಾತ್ರ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ಪದ್ಯ ಯಾರ ಮಾತೋ ಅವನು ಅದನ್ನು ಗದ್ಯದಲ್ಲಿ ವಿಸ್ತರಿಸುತ್ತಾನೆ. ಆ ವಿಸ್ತಾರಕ್ಕೆ ಅರ್ಥವೆಂದು ಹೆಸರು, ಹೇಳುವವನು ಅರ್ಥಧಾರಿ. ಪದ್ಯ ನಾಲ್ಕು ಸಾಲು, ಅರ್ಥ ನಾಲ್ಕು ನಿಮಿಷವೂ ಆಗಬಹುದು, ನಲವತ್ತು ನಿಮಿಷವೂ ಆಗಬಹುದು. ಈ ಅರ್ಥವನ್ನು ಯಾರೂ ಬರೆದಿಡಲಿಲ್ಲ. ಬರೆದಿಡುವಂಥದೂ ಅದಲ್ಲ, ಎದುರಿನವನು ಏನು ಕೇಳುತ್ತಾನೆಂದು ತಿಳಿಯದೆ ಇವನು ಉತ್ತರ ಬರೆದುಕೊಂಡು ಬರುವುದೆಂತು? ಹೀಗಾಗಿ ತಲೆಮಾರುಗಟ್ಟಲೆ ರಾತ್ರಿಗಳಲ್ಲಿ ಈ ಕರಾವಳಿಯವರು ಆಡಿದ ಕನ್ನಡದ ಬಹುಭಾಗ ಮಳೆಯ ಸದ್ದಿನೊಡನೆ ಹೋಯಿತು. ಅದೂ ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಆಡುತ್ತಿದ್ದ ಜನ ಚಾವಡಿಗೆ ಬಂದು ಕುಳಿತೊಡನೆ ಆಡಿದ ಕನ್ನಡ. ಶುದ್ಧ, ಸಾಲಂಕೃತ, ಒಂದೂ ಅನ್ಯಶಬ್ದ ನುಸುಳದ ಕನ್ನಡ. ಇದು ನಿಯಮವೂ ಆಗಿತ್ತು. ಪಾಂಡವರ ಕಾಲದ ರಾಜನ ಬಾಯಲ್ಲಿ 'ಟೈಮು' ಬಂದರೆ ಅಂಗಳದಲ್ಲಿ ಕುಳಿತವನೂ ನಗುತ್ತಿದ್ದ.

ನಾನು ಕಂಡ ಕೂಟದ ಒಂದು ಚಿತ್ರ ಕೊಡುತ್ತೇನೆ. ಪತ್ತನಾಜೆ, ಅಂದರೆ ಮೇ ತಿಂಗಳ 24ರ ಆಸುಪಾಸಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಅನಂತರವೇ ಮತ್ತೆ ತಿರುಗಾಟ. ನಡುವಣ ಮಳೆಯ ತಿಂಗಳುಗಳು ಕೂಟದ ಕಾಲ. ನಾಟಿ ಮುಗಿದಿದೆ, ದೋಣಿ ಕಡಲಿಗಿಳಿಯುವಂತಿಲ್ಲ, ಕತ್ತಲೆ ಬೇಗ ಆಗುತ್ತದೆ. ಚಾವಡಿಯಲ್ಲಿ ಚಾಪೆ, ಕಾಲುದೀಪ, ಎಲೆಯಡಿಕೆಯ ಹರಿವಾಣ. ಅನುಕೂಲವಿದ್ದ ಮನೆಯಾದರೆ ಒಂದು ಗ್ಯಾಸ್ ಲೈಟು. ಭಾಗವತರು, ಮದ್ದಳೆ, ಶ್ರುತಿ, ಯುದ್ಧದ ಪದಗಳಿಗೆ ಚೆಂಡೆ. ಅವರ ಇಕ್ಕೆಲಗಳಲ್ಲಿ ಅರ್ಥಧಾರಿಗಳು. ಶಾಲೆಯ ಮಾಸ್ತರರು, ಶಾನುಭಾಗರು, ಕೃಷಿಕರು, ಅಂಗಡಿಯವರು. ನಡುರಾತ್ರಿ ಅವಲಕ್ಕಿ, ಕಾಫಿ. ಈ ಚಿತ್ರ ಹೇಳುವಾಗ ಬಿಡಬಾರದ ಒಂದು ಭಾಗವಿದೆ. ಚಾಪೆ ಯಾರಿಗೆ, ಜಗಲಿ ಯಾರಿಗೆ, ಅಂಗಳದಲ್ಲಿ ಗೊರಬು ಹೊದ್ದು ನಿಂತು ಕೇಳುವ ಪಾಡು ಯಾರಿಗೆ ಎಂಬುದು ಕೂಟ ಆರಂಭವಾಗುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಹೆಂಗಸರು ಒಳಗಿನ ಬಾಗಿಲ ಮರೆಯಲ್ಲಿ. ನಮ್ಮ ದೊಡ್ಡತ್ತೆಗೆ ಕೃಷ್ಣಸಂಧಾನದ ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದುವು. ದ್ರೌಪದಿಯ ಅರ್ಥವನ್ನು ಆಕೆ ಹೇಳಿದ್ದರೆ ಹೇಗಿರುತ್ತಿತ್ತೋ, ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಮಣಿಪಾಲದ ಹುಡುಗಿ ಯಾರನ್ನೂ ಕೇಳದೆ ದೊರೆಯಾದದ್ದನ್ನು ಕಂಡಾಗ ನನಗೆ ಮೊದಲು ನೆನಪಾದವರು ಅವರು. ಈಚಿನ ದಶಕಗಳಲ್ಲಿ ಮಹಿಳೆಯರ ತಾಳಮದ್ದಳೆ ತಂಡಗಳು ಊರೂರುಗಳಲ್ಲಿ ಹುಟ್ಟಿರುವುದು ತಡವಾಗಿ ಬಂದ ನ್ಯಾಯ.

ಇನ್ನು ನಿಯಮಗಳು. ಮಕ್ಕಳ ಆಟದಲ್ಲಿ ಕಥೆಯ ಕೊನೆ ಯಾರಿಗೂ ತಿಳಿಯದು. ಅದನ್ನು ನಿಶ್ಚಯಿಸುವಲ್ಲಿ ದಾಳಕ್ಕೂ ಪಾಲಿದೆ. ಕೂಟದಲ್ಲಿ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಪದ್ಯ ಅಲುಗುವುದಿಲ್ಲ. ಹಾಗಿದ್ದರೆ ಇಡೀ ರಾತ್ರಿ ಕುಳಿತು ಕೇಳುವುದು ಏನನ್ನು? ಕೊನೆಗೆ ಹೋಗುವ ದಾರಿಯನ್ನು. ಕೃಷ್ಣ ಬಂದು ಐದು ಊರಾದರೂ ಕೊಡೆಂದು ಕೇಳುತ್ತಾನೆ; ಕೌರವ ಕೊಡುವುದಿಲ್ಲ. ಇಷ್ಟು ಪದ್ಯದಲ್ಲಿದೆ. ಏಕೆ ಕೊಡುವುದಿಲ್ಲ ಎಂಬುದು ಆ ರಾತ್ರಿ ಕೌರವನ ಅರ್ಥ ಹೇಳುವವನ ಹೊಣೆ. ಲೋಭ ಎಂದುಬಿಟ್ಟರೆ ಐದು ನಿಮಿಷದಲ್ಲಿ ಮುಗಿಯಿತು. ಪಾಂಡುವಿನ ಮಕ್ಕಳಿಗೆ ರಾಜ್ಯದ ಹಕ್ಕು ಎಲ್ಲಿಂದ ಬಂತು, ಜೂಜಿನಲ್ಲಿ ಒಪ್ಪಿದ ಕರಾರು ಕರಾರಲ್ಲವೇ, ಕೊಟ್ಟರೆ ನನ್ನನ್ನು ನಂಬಿದ ಕರ್ಣನ ಗತಿಯೇನು ಎಂದು ಹೊರಟನೆಂದರೆ ಕೃಷ್ಣನ ಪಾತ್ರಧಾರಿ ನೆಟ್ಟಗೆ ಕುಳಿತುಕೊಳ್ಳಬೇಕಾಗುತ್ತದೆ. ಈ ಒಂದು ಪ್ರಸಂಗದ ಪ್ರಯೋಗವನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡ ಡಾ. ಪ್ರಭಾಕರ ಜೋಶಿಯವರು ತಾವೂ ಅರ್ಥಧಾರಿಗಳು. ಅದರ ಆಳ ಎಷ್ಟೆಂಬುದು ಅಂಥವರಿಗೇ ಗೊತ್ತು.

ಎರಡನೆಯ ನಿಯಮ ಅರಿವಿಗೆ ಸಂಬಂಧಿಸಿದ್ದು. ಆ ಹುಡುಗಿ ಹೇಳಿದ್ದು. ಅರ್ಥಧಾರಿಗೆ ಮಹಾಭಾರತವೆಲ್ಲ ಗೊತ್ತು. ಅವನ ಪಾತ್ರಕ್ಕೆ ಆ ಕ್ಷಣದವರೆಗಿನದಷ್ಟೇ ಗೊತ್ತಿರಬೇಕು. ಇದು ಎಷ್ಟು ಕಷ್ಟವೆಂದು ನಾನು ಬಲ್ಲೆ. ನನಗಾಗ ಹದಿಮೂರು ವರ್ಷ. ನಮ್ಮ ಚಾವಡಿಯಲ್ಲಿ ಕರ್ಣಾರ್ಜುನ ಕಾಳಗ. ಅರ್ಜುನನ ಅರ್ಥ ಹೇಳಬೇಕಾದವರು ಹೊಳೆಯ ಆಚೆಯವರು; ಅಂದು ಹೊಳೆ ತುಂಬಿ ಅವರಿಗೆ ದಾಟಲಾಗಲಿಲ್ಲ. ನನಗೆ ಪದ್ಯಗಳು ಬರುತ್ತಿದ್ದುವೆಂಬ ಒಂದೇ ಬಲದಿಂದ "ಮಾಣಿ ಕುಳಿತುಕೊಳ್ಳಲಿ, ಎರಡೆರಡು ಮಾತು ಹೇಳಿದರಾಯಿತು" ಎಂದು ಭಾಗವತರು ನನ್ನನ್ನು ಕೂರಿಸಿದರು. ಶಲ್ಯ ರಥವಿಳಿದು ಹೋದ, ಗಾಲಿ ಹೂತಿತು. ಕುಮಾರವ್ಯಾಸ ಕಂಡಂತೆ ಅಲ್ಲಿ ಅರ್ಜುನನಿಗೆ ಎದುರಿನವನ ಮೇಲೆ ಕಾರಣ ತಿಳಿಯದ ಒಂದು ಒಡಹುಟ್ಟಿನ ಭಾವ ಹುಟ್ಟುತ್ತದೆ, ಬಿಲ್ಲು ಏಳದು, ಇವನಾರು ಹೇಳೆಂದು ಕೃಷ್ಣನನ್ನು ಕೇಳುತ್ತಾನೆ. ಕರ್ಣನಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಅರ್ಜುನನಿಗೆ ಮಾತ್ರ ಗೊತ್ತಿಲ್ಲ. ಆ ಸನ್ನಿವೇಶದ ಜೀವವೇ ಅದು. ನನಗೋ ಕರ್ಣನ ಅರ್ಥ ಹೇಳುತ್ತಿದ್ದ ಮಾಸ್ತರರ ಧ್ವನಿ ಕೇಳಿ ಗಂಟಲು ಕಟ್ಟಿತ್ತು. ಬಾಯಿ ತೆರೆದೆ; "ಅಣ್ಣಾ" ಎಂದುಬಿಟ್ಟೆ.

ಚಾವಡಿ ಒಂದು ಕ್ಷಣ ಸ್ತಬ್ಧವಾಯಿತು. ಯುದ್ಧವೂ ಮುಗಿಯಿತು, ಪ್ರಸಂಗವೂ ಮುಗಿಯಿತು ಎಂದೇ ನನಗೆ ತೋರಿತು. ಅಣ್ಣನೆಂದು ತಿಳಿದ ಮೇಲೆ ಅರ್ಜುನ ಬಾಣ ಬಿಡುವುದು ಹೇಗೆ? ಭಾಗವತರು ನನ್ನ ಕಡೆ ನೋಡಲೂ ಇಲ್ಲ. ಕೃಷ್ಣನ ಪದ್ಯದ ಎತ್ತುಗಡೆ ಮಾಡಿಯೇಬಿಟ್ಟರು, ಮದ್ದಳೆ ಹಿಂಬಾಲಿಸಿತು. ಪದ್ಯ ಮುಗಿಯುವಷ್ಟರಲ್ಲಿ ಕೃಷ್ಣನ ಅರ್ಥಧಾರಿಗೆ ದಾರಿ ಸಿಕ್ಕಿತ್ತು. "ಕೊಲ್ಲಬಂದ ವೈರಿಯನ್ನು ಅಣ್ಣನೆಂದು ಕರೆಯುವಷ್ಟು ಬುದ್ಧಿ ಮಂಕಾಯಿತೇ, ಪಾರ್ಥ? ಹೆದರಿದವನಿಗೆ ಎದುರು ಬಂದವರೆಲ್ಲ ಬಂಧುಗಳೇ!" ಎಂದು ನಕ್ಕರು. ಕರ್ಣನ ಅರ್ಥ ಹೇಳುತ್ತಿದ್ದ ಮಾಸ್ತರರು ತಮ್ಮ ಸರದಿ ಬಂದಾಗ ಕೂಡಲೇ ಮಾತಾಡಲಿಲ್ಲ. ತುಸು ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಆ ಶಬ್ದವನ್ನು ಇನ್ನೊಮ್ಮೆ ಹೇಳಬೇಡ, ಅರ್ಜುನ, ನನ್ನ ಕೈ ನಡುಗೀತು" ಎಂದಷ್ಟೇ ಹೇಳಿದರು. ಅಂಗಳದಿಂದ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಮರುದಿನ ಊರಿನವರು ಅದೇ ಆ ಕೂಟದ ಒಳ್ಳೆಯ ಗಳಿಗೆ ಎಂದರು. ನಾನು ಹಿಗ್ಗಿದ್ದನ್ನು ಕಂಡು ದೊಡ್ಡತ್ತೆ, "ನಿನಗೆ ಗೊತ್ತಿದ್ದದ್ದು ಅರ್ಜುನನಿಗೆ ಗೊತ್ತಿತ್ತೋ? ಪ್ರಸಂಗವನ್ನು ಕೊಂದವನು ನೀನು, ಬದುಕಿಸಿದವರು ಅವರು" ಎಂದು ಬೈದರು. ಅದೇ ಆ ಬೈಗುಳು. ನಾನು ಮತ್ತೆಂದೂ ಅರ್ಥ ಹೇಳಲು ಕುಳಿತುಕೊಳ್ಳಲಿಲ್ಲ, ಕೇಳುಗನಾಗಿಯೇ ಉಳಿದೆ.

ಆ ರಾತ್ರಿ ನಿಯಮವನ್ನು ಕಾದವರು ಭಾಗವತರು. ಯಕ್ಷಗಾನದಲ್ಲಿ ಭಾಗವತನನ್ನು ಒಂದನೆಯ ವೇಷವೆಂದು ಕರೆಯುವುದು ಬರಿಯ ಗೌರವಕ್ಕಲ್ಲ. ಯಾವ ಪದ್ಯ ಇರಬೇಕು, ಯಾವುದನ್ನು ಬಿಡಬೇಕು, ಮಾತು ಎಲ್ಲಿ ಸಾಕು, ಯಾರಿಗೆ ಕೈಕೊಡಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಅರ್ಥಧಾರಿ ಹಾದಿ ತಪ್ಪಿದರೆ ತಾಳ ಮಿಡಿದು, ಮುಂದಿನ ಪದ್ಯದ ರಾಗವನ್ನು ಮೆಲ್ಲನೆ ಎತ್ತಿ ಎಚ್ಚರಿಸುತ್ತಾರೆ. ಮೊಮ್ಮಗ ರಟ್ಟಿನ ತಡಿಕೆಯ ಮರೆಯಲ್ಲಿ ಕುಳಿತು ಮಾಡುತ್ತಿದ್ದುದು ಇದೇ ಕೆಲಸ. ಭಾಗವತರಿಗೆ ತಡಿಕೆ ಬೇಕಾಗಲಿಲ್ಲ, ಏಕೆಂದರೆ ಅವರ ಪುಸ್ತಕದಲ್ಲಿ ಯಾರಿಗೂ ತಿಳಿಯದ ಗುಟ್ಟಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಸಮತೋಲ ಬದಲಾಯಿತು. ಬದಲಾಯಿಸಿದವರು ಸಾಮಾನ್ಯರಲ್ಲ. 1918ರಲ್ಲಿ ಹುಟ್ಟಿ 2006ರವರೆಗೆ ಬಾಳಿದ ಶೇಣಿ ಗೋಪಾಲಕೃಷ್ಣ ಭಟ್ಟರು, ನಮ್ಮ ನೆರೆಯ ಮಲ್ಪೆಯ ಸಾಮಗ ಸಹೋದರರಾದ ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು, 1984ರಲ್ಲಿ ತೀರಿಕೊಂಡ ದೇರಾಜೆ ಸೀತಾರಾಮಯ್ಯನವರು — ಇವರ ಹೆಸರು ಹೇಳಿದರೆ ಇಂದಿಗೂ ಹಳಬರ ಮುಖ ಅರಳುತ್ತದೆ. ದೇರಾಜೆಯವರದು ಕೆಲವೇ ಮಾತಿನಲ್ಲಿ ಬಹಳ ಧ್ವನಿಸುವ ರೀತಿ, ಸಾಮಗರದು ಹರಿಕಥೆಯ ನಾಲಗೆ, ಭಾವದ ಪ್ರವಾಹ, ಶೇಣಿಯವರದು ತರ್ಕ. ರಾವಣ, ಮಾಗಧ, ಕೌರವ, ವಾಲಿಯರಂಥ ಪ್ರತ್ಯರ್ಥಿಗಳಿಗೆ ತಮ್ಮದೂ ಒಂದು ನ್ಯಾಯವಿದೆಯೆಂದು ಶೇಣಿಯವರು ವಾದಿಸತೊಡಗಿದಾಗ ನಾಯಕರು ತಾವು ದೇವರೆಂಬ ಕಾರಣಕ್ಕೆ ಗೆಲ್ಲುವುದು ಕಷ್ಟವಾಯಿತು. ಬಯಲಾಟದ ರಂಗದಲ್ಲಿ ಬಪ್ಪನಾಡು ಕ್ಷೇತ್ರಮಹಾತ್ಮೆಯ ಬಪ್ಪ ಬ್ಯಾರಿಯಾಗಿ ಜನರ ಮನಸ್ಸಿನಲ್ಲಿ ನಿಂತವರೂ ಅವರೇ. ಕಾನೂನು ಓದಿದ, ಪತ್ರಿಕೆ ಓದಿದ, ಪ್ರಶ್ನೆ ಕೇಳಲು ಕಲಿತ ಒಂದು ಹೊಸ ಕೇಳುಗವರ್ಗ ಆಗ ಬೆಳೆದಿತ್ತು. ಅದಕ್ಕೆ ಈ ಮಾತು ಬೇಕಾಗಿತ್ತು. 'ಶೇಣಿ–ಸಾಮಗ' ಎಂದರೆ ಸಾಕು, ಪ್ರಸಂಗ ಯಾವುದೆಂದು ಕೇಳದೆ ಜನ ಹೊರಡುತ್ತಿದ್ದರು.

ಪ್ರಸಂಗ ಯಾವುದೆಂದು ಕೇಳದೆ! ನನಗೆ ತುಸು ಅಸಮಾಧಾನವಿರುವುದು ಅಲ್ಲಿ. ಆ ದೊಡ್ಡವರು ಆಡುತ್ತಿದ್ದಾಗ ಎದುರಿನವರೂ ಅಷ್ಟೇ ದೊಡ್ಡವರಾಗಿದ್ದುದರಿಂದ ಸೋಲು ಗೆಲುವುಗಳು ಪಾತ್ರದೊಳಗೇ ಉಳಿಯುತ್ತಿದ್ದುವು. ಅವರ ಅನುಕರಣೆ ಮಾಡಿದ ಅನೇಕರಿಗೆ ಕಂಡದ್ದು ಗೆಲುವು ಮಾತ್ರ. ಎದುರಿನವನನ್ನು ಪ್ರಶ್ನೆಗಳಿಂದ ಕಟ್ಟಿಹಾಕಿ, ಅವನು ತಡವರಿಸಿದಾಗ ಸಭೆಯ ಕಡೆ ನೋಡಿ ನಗುವ ಅರ್ಥಗಾರಿಕೆ ಹುಟ್ಟಿತು. ಧ್ವನಿವರ್ಧಕ ಬಂದ ಮೇಲೆ ಚಾವಡಿ ಸಭಾಭವನವಾಯಿತು, ಚಾಪೆ ಕುರ್ಚಿಯಾಯಿತು, ಕೇಳುಗ ಪ್ರೇಕ್ಷಕನಾದ. ಹೆಸರಾಂತ ಅರ್ಥಧಾರಿಯ ಪೀಠಿಕೆ ಒಂದು ಗಂಟೆಯಾದರೂ ಭಾಗವತರು ಪದ್ಯ ಎತ್ತಲು ಹಿಂಜರಿಯುವಂತಾಯಿತು. ಜನ ಬಂದಿರುವುದು ಯಾರಿಗಾಗಿ ಎಂದು ಅವರಿಗೂ ಗೊತ್ತು. ವಿದುರ, ದೂತ, ಅಂಗದರಂಥ ನಡುವಣ ಪಾತ್ರಗಳು, ಹೊಸಬರು ಕಲಿಯುತ್ತಿದ್ದ ಪಾತ್ರಗಳು, ಎರಡು ಮಾತಿಗೆ ಇಳಿದುವು.

ಆಕಾಶವಾಣಿ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತೆಂದು ನಾನು ಈ ಮೈಕಿನ ಮುಂದೆ ಹೇಳಿದರೆ ಮುಖಸ್ತುತಿ ಎಂದುಕೊಳ್ಳಬೇಡಿ. ಮಂಗಳೂರು ನಿಲಯ 1976ರಲ್ಲಿ ಆರಂಭವಾಯಿತು. ನೋಡಲು ಏನೂ ಇಲ್ಲದ ಕಲೆಗೂ ತೋರಿಸಲು ಏನೂ ಇಲ್ಲದ ಯಂತ್ರಕ್ಕೂ ಚೆನ್ನಾಗಿ ಜೋಡಿಯಾಯಿತು. ಗಡಿಯಾರದ ಮುಳ್ಳು ಹಳೆಯ ಭಾಗವತರ ತಾಳದಂತೆ ಕೆಲಸ ಮಾಡಿತು. ಒಂದು ಗಂಟೆಯ ಪೀಠಿಕೆಗೆ ಅಲ್ಲಿ ಎಡೆಯಿರಲಿಲ್ಲ. ಆಮೇಲೆ ಧ್ವನಿಸುರುಳಿಗಳು ಬಂದು ಆಡಿದ ಮಾತು ಮೊದಲ ಸಲ ಉಳಿಯಿತು. ಅದರ ಲಾಭ ದೊಡ್ಡದು. ನಷ್ಟವೂ ಒಂದಿದೆ: ಒಬ್ಬರ ವಾಲಿಯನ್ನು ಇನ್ನೊಬ್ಬರು ಬಾಯಿಪಾಠ ಮಾಡಿ ಒಪ್ಪಿಸುವುದು ಶುರುವಾಯಿತು. ಎದುರಿನ ರಾಮ ಸುರುಳಿಯಲ್ಲಿದ್ದ ರಾಮನಂತೆ ಉತ್ತರ ಹೇಳದಿದ್ದರೆ ಈ ವಾಲಿಗೆ ದಿಕ್ಕು ತಪ್ಪುತ್ತದೆ.

ಕೂಟ ನಿಂತಿಲ್ಲ. 1975ರಲ್ಲಿ ಸ್ಥಾಪನೆಯಾದ ಉಡುಪಿಯ ಯಕ್ಷಗಾನ ಕಲಾರಂಗ ತಾಳಮದ್ದಳೆಯ ಸಪ್ತಾಹಗಳನ್ನು ನಡೆಸಿಕೊಂಡು ಬಂದಿದೆ. ಊರಿನ ದೇವಸ್ಥಾನಗಳಲ್ಲಿ, ಮದುವೆ ಉಪನಯನಗಳಲ್ಲಿ ಕೂಡ ಎರಡು ಮೂರು ಗಂಟೆಯ ಕೂಟಗಳಾಗುತ್ತವೆ. ಕಡಿಮೆಯಾದದ್ದು ಮನೆಯ ಚಾವಡಿಯ ಕೂಟ; ಕೇಳುವವರೇ ನಾಳೆ ಹೇಳುವವರಾಗುತ್ತಿದ್ದ, ತಪ್ಪಿದವನನ್ನು ಇತರರು ಎತ್ತಿಕೊಳ್ಳುತ್ತಿದ್ದ ಕೂಟ.

ಆ ಶನಿವಾರದ ಅನಂತರ ಮಕ್ಕಳು ಇನ್ನೆರಡು ಸಲ ಬಂದರು. ಮೂರನೆಯ ಸಲ ನಾನು ಅವರನ್ನು ಉಡುಪಿಯ ಒಂದು ಕೂಟಕ್ಕೆ ಕರೆದೊಯ್ದೆ. ಪ್ರಸಂಗ ಪಾರ್ತಿಸುಬ್ಬನ 'ವಾಲಿಸುಗ್ರೀವರ ಕಾಳಗ'. ಬಾಣ ತಗಲಿ ಬಿದ್ದ ವಾಲಿ ವಾಲ್ಮೀಕಿಯ ಕಾಲದಿಂದ ಕೇಳುತ್ತಿರುವ ಪ್ರಶ್ನೆಗಳನ್ನು ಕೇಳಿದ: ನಿನಗೆ ನಾನೇನು ಕೇಡು ಮಾಡಿದ್ದೆ, ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಿಂದ ಹೊಡೆದದ್ದು ಯಾವ ಧರ್ಮ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ, ಈ ನೆಲ ಇಕ್ಷ್ವಾಕುಗಳದು, ಮೃಗವನ್ನು ಮರೆಯಿಂದ ಹೊಡೆಯುವುದು ರಾಜರ ಪದ್ಧತಿ ಎಂದು ರಾಮ ಹೇಳಿದ. ಮೃಗವಾದರೆ ಮೃಗಕ್ಕೆ ಮನುಷ್ಯರ ಮದುವೆಯ ನಿಯಮವೇಕೆ ಎಂದು ವಾಲಿ ತಿರುಗಿ ಕೇಳಿದ. ರಾಮನ ಪಾತ್ರಧಾರಿ ಯುವಕರು, ಸ್ವಲ್ಪ ತೊಡಕಿಗೆ ಸಿಕ್ಕಿದರು. ಭಾಗವತರು ಬಿಡಲಿಲ್ಲ, ತಾಳ ಮಿಡಿದು ಮುಂದಿನ ಪದ್ಯ ಎತ್ತಿದರು. ವಾಲಿ ಕೈಮುಗಿದು ಒಪ್ಪಿಕೊಂಡು ಅಂಗದನನ್ನು ರಾಮನ ಕೈಗಿತ್ತು ಕಣ್ಣು ಮುಚ್ಚಿದ. ಮಂಗಳವಾಯಿತು.

ರಾತ್ರಿಯ ಬಸ್ಸಿನಲ್ಲಿ ಎಲ್ಲರೂ ಕಟಪಾಡಿಗೆ ಹೊರಟೆವು. ಮೊಮ್ಮಗನಿಗೆ ಸಿಟ್ಟು ಬಂದಿತ್ತು. "ಅಜ್ಜ, ವಾದದಲ್ಲಿ ಗೆದ್ದವನು ವಾಲಿ. ಮತ್ತೆ ಒಪ್ಪಿಕೊಂಡದ್ದು ಯಾಕೆ? ನಾನಾಗಿದ್ದರೆ ಒಪ್ಪುತ್ತಿರಲಿಲ್ಲ" ಎಂದ. ಪದ್ಯದಲ್ಲಿ ಹಾಗಿದೆ ಎಂದೆ. ಅದು ಕಾರಣವಲ್ಲ ಎಂದ. ಅದು ಕಾರಣವಲ್ಲವೆಂದು ನನಗೂ ಗೊತ್ತಿತ್ತು. ಕಾರಣ ಹುಡುಕುವುದು ಅರ್ಥಧಾರಿಯ ಕೆಲಸ, ಅಂದು ಅವರಿಗೆ ಅದಕ್ಕೆ ವ್ಯವಧಾನ ಸಿಗಲಿಲ್ಲ. ಕಿಟಕಿಯ ಬದಿಯಲ್ಲಿದ್ದ ದಾವಣಗೆರೆಯ ಹುಡುಗಿ ಅಂಬಲಪಾಡಿ ದಾಟುವವರೆಗೂ ಸುಮ್ಮನಿದ್ದಳು. ಆಮೇಲೆ, "ಅವನಿಗೆ ಮಗನಿದ್ದಾನಲ್ಲ, ಅಜ್ಜ. ನಾಳೆ ಆ ಹುಡುಗ ಬದುಕಬೇಕಾದ್ದು ಗೆದ್ದವರ ಜೊತೆ. ವಾಲಿ ರಾಮನಿಗೆ ಸೋತದ್ದಲ್ಲ, ಅಂಗದನಿಗೋಸ್ಕರ ಬಾಯಿ ಮುಚ್ಚಿದ್ದು" ಎಂದಳು. ಹಾಗಾದರೆ ವಾಲಿ ಸುಳ್ಳು ಹೇಳಿದಂತಾಯಿತು, ಸಾಯುವ ಹೊತ್ತಿಗೆ ಸುಳ್ಳೇ ಎಂದು ಇವನು ಎದ್ದು ನಿಂತ. ಸುಳ್ಳಲ್ಲ ಎಂದು ಅವಳು. ಕಂಡಕ್ಟರರು ಟಿಕೆಟಿನ ಮಾತು ಬಿಟ್ಟು ತಾವೂ ಒಂದು ಮಾತು ಸೇರಿಸಿದರು. ಉದ್ಯಾವರದ ಸೇತುವೆ ಬಂತು, ಹೋಯಿತು. ಕಟಪಾಡಿ ಪೇಟೆಯಲ್ಲಿ ನಾವು ಕೊಡೆ ಬಿಚ್ಚಿ ಇಳಿದಾಗ ವಾಲಿ ಇನ್ನೂ ಸತ್ತಿರಲಿಲ್ಲ.